ಗಾಜಿನ ತೊಟ್ಟಿಯ ಉಪ್ಪಿನ ಲೆಕ್ಕ

ಆದೋನಿಯಲ್ಲಿ ಕೂತು ಸಮುದ್ರದ ಮೀನು ಸಾಕುತ್ತೇವೆಂದರೆ ಕೇಳಿದವರು ನಗುವುದು ಸಹಜ. ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಸಮುದ್ರ ನಮಗೆ ಒಂದು ರಾತ್ರಿಯ ದಾರಿ. ಆದರೂ ಈಗ ಬೆಂಗಳೂರು, ಹೈದರಾಬಾದಿನಲ್ಲಿ ಓದಿ ಬಂದ ನಮ್ಮ ಹುಡುಗರು ಮನೆಯ ಹಾಲ್‌ನಲ್ಲಿ ಗಾಜಿನ ತೊಟ್ಟಿ ಇಟ್ಟು, ಅದರಲ್ಲಿ ಉಪ್ಪುನೀರು ತುಂಬಿ, ಕಿತ್ತಳೆ ಬಣ್ಣದ ಮೀನು, ಹೂವಿನಂತೆ ಅರಳುವ ಹವಳದ ಜೀವಿಗಳನ್ನು ತಂದು ಬಿಡುತ್ತಿದ್ದಾರೆ. ನಮ್ಮ ಸಮಾಜದಲ್ಲೇ ನನಗೆ ಗೊತ್ತಿರುವ ಮೂರು ಮನೆಗಳಲ್ಲಿ ಇಂಥ ತೊಟ್ಟಿಗಳಿವೆ. ಒಂದು ನಮ್ಮ ಮನೆಯಲ್ಲೇ ಇದೆ. ನನ್ನ ತಮ್ಮನ ಮಗ ಓದು ಮುಗಿಸಿ ಅಂಗಡಿ ನೋಡಿಕೊಳ್ಳಲು 2022ರಲ್ಲಿ ಊರಿಗೆ ಬಂದಾಗ ಜೊತೆಗೆ ತಂದದ್ದು.

ಮೀನು ಸಾಕುವುದು ನಮ್ಮಂಥವರ ಮನೆಗೆ ಸರಿಯೇ ಎಂಬ ಪ್ರಶ್ನೆಯನ್ನು ಕೆಲವು ವಾಚಕರು ಕೇಳಿಯೇ ಕೇಳುತ್ತಾರೆ. ಆ ಮಾತಿಗೆ ಮುಂದೆ ಬರುತ್ತೇನೆ. ಮೊದಲು ಹೇಳಬೇಕಾದದ್ದು ಉಪ್ಪಿನ ವಿಷಯ. ಏಕೆಂದರೆ ತಂದಿಟ್ಟ ಜೀವಗಳು ಬದುಕುವುದೂ ಸಾಯುವುದೂ ಬಹುಮಟ್ಟಿಗೆ ಅದರ ಮೇಲಿದೆ. ಇದು ಲೆಕ್ಕದ ವಿಷಯವಾದ್ದರಿಂದ ವ್ಯಾಪಾರದ ಮನೆಯವರಿಗೆ ಬೇಗ ಅರ್ಥವಾಗುತ್ತದೆ.

ಸಮುದ್ರದ ನೀರಿನಲ್ಲಿ ಸಾವಿರ ಭಾಗಕ್ಕೆ ಸುಮಾರು 35 ಭಾಗ ಉಪ್ಪು. ಅಂದರೆ ಒಂದು ಕಿಲೋ ನೀರಿಗೆ 35 ಗ್ರಾಂ. ಎಲ್ಲ ಸಮುದ್ರವೂ ಒಂದೇ ಅಲ್ಲ. ಕೆಂಪು ಸಮುದ್ರದಲ್ಲಿ ಮಳೆ ಇಲ್ಲ, ನದಿ ಇಲ್ಲ, ಬಿಸಿಲು ಜಾಸ್ತಿ. ಅಲ್ಲಿ 40ರ ಹತ್ತಿರ. ಅರಬ್ಬಿ ಸಮುದ್ರ 36ರ ಆಸುಪಾಸು. ಬಂಗಾಳ ಕೊಲ್ಲಿಯ ಮೇಲುನೀರು ಅದಕ್ಕಿಂತ ಸಪ್ಪೆ, ಏಕೆಂದರೆ ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ ಎಲ್ಲವೂ ಅಲ್ಲಿಗೇ ಹೋಗುತ್ತವೆ. ಮಂತ್ರಾಲಯದ ಮುಂದೆ ಹರಿಯುವ ನಮ್ಮ ತುಂಗಭದ್ರೆಯೂ ಕರ್ನೂಲು ದಾಟಿ ಕೃಷ್ಣೆಗೆ ಸೇರಿ ಅಲ್ಲಿಗೇ ಹೋಗಿ ಆ ಉಪ್ಪನ್ನು ಒಂದಿಷ್ಟು ಕಡಿಮೆ ಮಾಡುತ್ತಾಳೆ.

ಉಪ್ಪಿನ ಪ್ರಮಾಣ ಹೆಚ್ಚುಕಡಿಮೆಯಾದರೂ ಅದರೊಳಗಿನ ಪದಾರ್ಥಗಳ ಪಾಲು ಮಾತ್ರ ಬದಲಾಗುವುದಿಲ್ಲ. 1872ರಿಂದ 1876ರವರೆಗೆ ಚಾಲೆಂಜರ್ ಎಂಬ ಇಂಗ್ಲಿಷ್ ಹಡಗು ಜಗತ್ತಿನ ಸಮುದ್ರಗಳನ್ನೆಲ್ಲ ಸುತ್ತಿ ನೀರಿನ ಮಾದರಿ ತಂದಿತು. ಡಿಟ್‌ಮಾರ್ ಎಂಬ ರಸಾಯನ ಶಾಸ್ತ್ರಜ್ಞರು ಅದರಲ್ಲಿ 77 ಮಾದರಿಗಳನ್ನು ಪರೀಕ್ಷಿಸಿ 1884ರಲ್ಲಿ ಪ್ರಕಟಿಸಿದರು. ಯಾವ ಸಮುದ್ರದ ಬಾಟಲಿಯಾದರೂ ಮುಖ್ಯ ಲವಣಗಳ ಪರಸ್ಪರ ಪಾಲು ಒಂದೇ. ಅದರಲ್ಲಿ ನಮ್ಮ ಅಡಿಗೆ ಉಪ್ಪು ನೂರಕ್ಕೆ ಸುಮಾರು 77 ಪಾಲು. ಉಳಿದದ್ದು ಮೆಗ್ನೀಷಿಯಂ, ಗಂಧಕದ ಲವಣಗಳು, ಸುಣ್ಣದಂಶ, ಪೊಟ್ಯಾಷಿಯಂ ಮುಂತಾದವು. ಹವಳದ ಜೀವಿ ತನ್ನ ಮನೆ ಕಟ್ಟುವುದು ಈ ಸುಣ್ಣದಂಶದಿಂದಲೇ.

ಆದ್ದರಿಂದ ಕಿರಾಣಿ ಅಂಗಡಿಯ ಉಪ್ಪು ಹಾಕಿದರೆ ನಡೆಯುವುದಿಲ್ಲ. ನನ್ನ ತಮ್ಮನ ಮಗ ಮೊದಲ ಸಲ ಉಪ್ಪಿನ ಚೀಲ ಮನೆಗೆ ತಂದಾಗ ನಮ್ಮ ಅವ್ವ, "ನಮ್ಮ ಅಂಗಡಿಯಲ್ಲಿ ಮೂಟೆಗಟ್ಟಲೆ ಉಪ್ಪು ಬಿದ್ದಿರುವಾಗ ಇದಕ್ಕೆ ದುಡ್ಡು ಯಾಕೆ ಸುರಿದೆಯೋ?" ಎಂದು ಕೇಳಿದರು. ಅವನು, "ಅಜ್ಜೀ, ಇದು ಅಡಿಗೆ ಉಪ್ಪಲ್ಲ, ಸಮುದ್ರವನ್ನೇ ಒಣಗಿಸಿ ಚೀಲಕ್ಕೆ ತುಂಬಿದ ಹಾಗೆ ಲೆಕ್ಕ" ಎಂದ. ಹುಡುಗ ಹೇಳಿದ್ದು ಪೂರ್ತಿ ಸರಿಯಲ್ಲ. ಅದನ್ನು ಕಾರ್ಖಾನೆಯಲ್ಲಿ ಬೇರೆ ಬೇರೆ ಲವಣಗಳನ್ನು ತೂಗಿ ಬೆರೆಸಿ ಮಾಡುತ್ತಾರೆ. ನಿಜವಾಗಿ ಸಮುದ್ರವನ್ನು ಒಣಗಿಸಿದರೆ ಏನಾಗುತ್ತದೆಂಬುದು ಉಪ್ಪಿನ ವ್ಯಾಪಾರ ಮಾಡಿದವರಿಗೆ ಗೊತ್ತು. ತೂತುಕುಡಿಯಲ್ಲಾಗಲಿ, ಕುಮಟಾ ಹತ್ತಿರದ ಸಾಣಿಕಟ್ಟೆಯಲ್ಲಾಗಲಿ ಗದ್ದೆಗೆ ಬಿಟ್ಟ ಸಮುದ್ರದ ನೀರು ಬಾಮೆ ಮೀಟರಿನಲ್ಲಿ ಸುಮಾರು ಮೂರೂವರೆ ಡಿಗ್ರಿ. ಬಿಸಿಲಿಗೆ ಇಂಗಿ ಇಂಗಿ 25 ಡಿಗ್ರಿ ಹತ್ತಿರ ಬಂದಾಗ ಉಪ್ಪು ಹರಳುಗಟ್ಟುತ್ತದೆ. ಸುಣ್ಣದಂಶ ಅದಕ್ಕೂ ಮೊದಲೇ ತಳಕ್ಕೆ ಕೂತಿರುತ್ತದೆ, ಮೆಗ್ನೀಷಿಯಂ ಕೊನೆಯ ಕಹಿನೀರಿನಲ್ಲಿ ಉಳಿದು ಹೊರಗೆ ಹೋಗುತ್ತದೆ. ನಡುವೆ ಸಿಕ್ಕಿದ್ದೇ ನಮ್ಮ ಉಪ್ಪು. ಅದಕ್ಕೆ ಅಯೋಡಿನ್ನೂ, ಗಟ್ಟಿಯಾಗದಿರಲೆಂದು ಇನ್ನೊಂದು ಪದಾರ್ಥವೂ ಸೇರಿ ಪ್ಯಾಕೆಟ್ಟಿಗೆ ಬರುತ್ತದೆ. ನಾಲಿಗೆಗೆ ಅದು ಸಾಕು, ಹವಳಕ್ಕೆ ಸಾಲದು.

ಈಗ ಮುಖ್ಯ ವಿಷಯ. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಹೋಗುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯೇ, ಆದರೆ ತೊಟ್ಟಿಯ ಮುಂದೆ ನಿಂತಾಗ ಮರೆತುಹೋಗುತ್ತದೆ. ನಮ್ಮ ಹುಡುಗನಿಗೆ ತೊಟ್ಟಿ ಮಾರಿದ ಪಟ್ಟಣದ ಅಂಗಡಿಯವರು, "ನೀರು ಕಡಿಮೆಯಾದಾಗ ಇದೇ ಉಪ್ಪುನೀರು ಮಾಡಿ ತುಂಬುತ್ತಾ ಹೋಗಿ" ಎಂದು ಹೇಳಿ ಕಳಿಸಿದ್ದರಂತೆ. ಮಾರುವವರಿಗೆ ಉಪ್ಪಿನ ಚೀಲ ಬೇಗ ಖಾಲಿಯಾದರೆ ಲಾಭವೇ. ಏಪ್ರಿಲ್ ತಿಂಗಳು, ನಮ್ಮ ಕಡೆ 40 ಡಿಗ್ರಿ ದಾಟಿದ ಬಿಸಿಲು, ಮೇಲೆ ತಣ್ಣಗಾಗಲೆಂದು ಫ್ಯಾನ್ ಬೇರೆ ಹಾಕಿದ್ದ. ಎರಡು ವಾರದೊಳಗೆ ಒಂದು ನಕ್ಷತ್ರ ಮೀನು ಮೆತ್ತಗಾಗಿ ಸತ್ತಿತು, ಹವಳದ ಜೀವಿಗಳು ಬಾಯಿ ಮುಚ್ಚಿ ಕುಗ್ಗಿ ಕೂತವು. ರೋಗ ಬಂದಿದೆಯೆಂದು ಔಷಧ ಹುಡುಕುತ್ತಿದ್ದ.

ನಾನು ಕಾಗದ ಪೆನ್ಸಿಲ್ ತೆಗೆದುಕೊಂಡು ಅವನನ್ನು ಕೂರಿಸಿ ಲೆಕ್ಕ ಹಾಕಿಸಿದೆ. ನೀವೂ ಹಾಕಿ ನೋಡಿ. ತೊಟ್ಟಿ 100 ಲೀಟರಿನದು. ಸುಲಭವಾಗಲೆಂದು ಲೀಟರಿಗೆ 35 ಗ್ರಾಂ ಹಿಡಿದರೆ ಒಳಗೆ ಮೂರೂವರೆ ಕಿಲೋ ಉಪ್ಪಿದೆ. ಇದು ಬಂಡವಾಳ. ದಿನಕ್ಕೆ 2 ಲೀಟರ್ ಆವಿಯಾಗುತ್ತದೆ ಎಂದಿಟ್ಟುಕೊಳ್ಳೋಣ. ಐದು ದಿನಕ್ಕೆ 10 ಲೀಟರ್ ಹೋಯಿತು. ಮೂರೂವರೆ ಕಿಲೋ ಉಪ್ಪು ಈಗ 90 ಲೀಟರಿನಲ್ಲಿದೆ, ಅಂದರೆ ಸಾವಿರಕ್ಕೆ 39ರ ಹತ್ತಿರ. ಆಗ 10 ಲೀಟರ್ ಸಿಹಿನೀರು ಹಾಕಿದರೆ ಮತ್ತೆ 35ಕ್ಕೆ ಬಂತು. ಅದರ ಬದಲು ಉಪ್ಪುನೀರು ಹಾಕಿದರೆ? ಅದರ ಜೊತೆ 350 ಗ್ರಾಂ ಹೊಸ ಉಪ್ಪು ಒಳಗೆ ಬಂತು, ಹಳೆಯದು ಹಾಗೇ ಇದೆ. ಒಟ್ಟು 3 ಕಿಲೋ 850 ಗ್ರಾಂ. ತೊಟ್ಟಿ ಮೊದಲಿನಷ್ಟೇ ತುಂಬಿ ಕಾಣುತ್ತದೆ, ಆದರೆ ಉಪ್ಪು 38.5. ಹೀಗೆ ಮೂರು ಸಲ, ಅಂದರೆ ಹದಿನೈದು ದಿನದಲ್ಲಿ, 45.5. ಕೆಂಪು ಸಮುದ್ರವನ್ನೂ ಮೀರಿತು! ಜಮಾ ಮಾತ್ರ ಬರೆಯುತ್ತಾ ಖರ್ಚು ಬರೆಯದ ಖಾತೆಯಂತೆ. ಹುಡುಗ ಲೆಕ್ಕ ನೋಡಿ, "ದೊಡ್ಡಪ್ಪಾ, ಇಷ್ಟು ಸಣ್ಣ ವಿಷಯ ಯಾರೂ ಹೇಳಲಿಲ್ಲವಲ್ಲ" ಎಂದ.

ಉಪ್ಪು ಹೆಚ್ಚಾದರೆ ಜೀವಿಗೆ ಏನಾಗುತ್ತದೆಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳು ಉತ್ತರ ಕೊಡಬಲ್ಲರು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಗೆ ಹಾಕಿದರೆ ಮರುದಿನ ನೀರು ಬಿಟ್ಟು ಹೋಳು ಮುದುಡಿರುತ್ತದೆ. ಒಣದ್ರಾಕ್ಷಿಯನ್ನು ಸಾದಾ ನೀರಿಗೆ ಹಾಕಿದರೆ ಉಬ್ಬುತ್ತದೆ. ಉಪ್ಪು ಎಲ್ಲಿ ಹೆಚ್ಚೋ ನೀರು ಅತ್ತ ಹೋಗುತ್ತದೆ. ಸಮುದ್ರದ ಮೀನಿಗೆ ಇದನ್ನು ತಡೆದುಕೊಳ್ಳುವ ವ್ಯವಸ್ಥೆ ಇದೆ: ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನ ಮೂಲಕ ಹೊರಗೆ ಹಾಕುತ್ತದೆ. ಹವಳ, ನಕ್ಷತ್ರ ಮೀನು ಇಂಥವಕ್ಕೆ ಆ ಅನುಕೂಲವಿಲ್ಲ. ಹೊರಗಿನ ನೀರು ಹೇಗೋ ಒಳಗಿನದೂ ಹಾಗೇ ಆಗುತ್ತದೆ. ಸಮುದ್ರದಲ್ಲಿ ಇವು ವಾಸಿಸುವ ಜಾಗದಲ್ಲಿ ವರ್ಷವಿಡೀ ನೀರು ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಅವಕ್ಕೆ ಅದರ ಅಗತ್ಯವೂ ಬಿದ್ದಿಲ್ಲ. ಆದ್ದರಿಂದಲೇ ಮೀನು ಓಡಾಡಿಕೊಂಡಿದೆ, ಎಲ್ಲ ಸರಿಯಿದೆ ಎಂದು ತಿಳಿಯಬಾರದು. ಮೊದಲು ಕಷ್ಟಪಡುವುದು ಅಲುಗಾಡದೆ ಕೂತಿರುವ ಜೀವಿ.

ಹಿರಿಯರು ಬಾವಿ ನೀರನ್ನು ಗಾಳಿಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲದೆ, ಅದೇ ಬಾವಿಗೆ ನಿಧಾನವಾಗಿ ಮರಳಿ ಬಿಡುತ್ತಿದ್ದರು. ಬೇರೆ ಬಾವಿಗೆ ಹಾಕಬಾರದು ಎಂಬುದು ಕಟ್ಟುನಿಟ್ಟು. ನಾವು ಚಿಕ್ಕವರಿದ್ದಾಗ ಒಂದು ಬಾವಿ ಸಿಹಿ, ಇನ್ನೊಂದು ಸೌಳು. ಎರಡೂ ನೀರೇ ತಾನೆ, ಯಾವುದಕ್ಕೆ ಹಾಕಿದರೇನು ಎನ್ನಿಸುತ್ತಿತ್ತು. ಈ ತೊಟ್ಟಿಯ ಲೆಕ್ಕ ನೋಡಿದ ಮೇಲೆ ಅದರ ಅರ್ಥ ನನಗೆ ಇನ್ನಷ್ಟು ಚೆನ್ನಾಗಿ ಹೊಳೆಯಿತು. ಒಂದು ನೀರಿನ ಜೀವಿಗೆ ಇನ್ನೊಂದು ನೀರು ವಿಷ.

ಇನ್ನು ಅಳೆಯುವ ಸಾಧನ. ಹೋಟೆಲಿನವರು ಹಾಲಿಗೆ ಬಿಡುವ ಲ್ಯಾಕ್ಟೋಮೀಟರ್ ಎಲ್ಲರೂ ನೋಡಿದ್ದೀರಿ. ಉಪ್ಪುನೀರಿಗೆ ಬಿಡುವ ಹೈಡ್ರೋಮೀಟರ್ ಅದರ ಅಣ್ಣತಮ್ಮ. ಸಾದಾ ನೀರಿನ ಸಾಂದ್ರತೆ 1 ಎಂದಾದರೆ 25 ಡಿಗ್ರಿ ಶಾಖದಲ್ಲಿ ಸಾವಿರಕ್ಕೆ 35ರ ಸಮುದ್ರದ ನೀರು 1.026. ತಮಾಷೆಯೆಂದರೆ, ನೀರು ಬೆರೆಸಿದ ಹಾಲು ಕೂಡ ಅಲ್ಲೇ ನಿಲ್ಲುತ್ತದೆ! ತೊಟ್ಟಿಗಳಿಗೆಂದು ಮಾರುವ ಮುಳ್ಳಿನ ಹೈಡ್ರೋಮೀಟರ್ ಪ್ಲಾಸ್ಟಿಕ್ಕಿನದು, ಅಗ್ಗ. ಮುಳ್ಳಿಗೆ ಗಾಳಿಯ ಗುಳ್ಳೆ ಅಂಟಿದರೆ ಅದು ಮೇಲೆದ್ದು ಉಪ್ಪು ಹೆಚ್ಚು ತೋರಿಸುತ್ತದೆ, ಮುಳ್ಳಿನ ಮೇಲೆ ಉಪ್ಪು ಒಣಗಿ ಕೂತರೆ ಭಾರವಾಗಿ ಕಡಿಮೆ ತೋರಿಸುತ್ತದೆ. ಉಪಯೋಗಿಸಿದ ಮೇಲೆ ಪ್ರತಿ ಸಲ ಸಿಹಿನೀರಲ್ಲಿ ತೊಳೆಯದಿದ್ದರೆ ಅದನ್ನು ನಂಬುವಂತಿಲ್ಲ. ಶಾಖ ಬದಲಾದರೂ ಅಂಕಿ ಬದಲಾಗುತ್ತದೆ.

ಅದಕ್ಕಿಂತ ಒಳ್ಳೆಯದು ರಿಫ್ರ್ಯಾಕ್ಟೋಮೀಟರ್. ಒಂದು ಹನಿ ನೀರು ಗಾಜಿನ ಮೇಲೆ ಬಿಟ್ಟು ಮುಚ್ಚಳ ಹಾಕಿ, ಬೆಳಕಿನ ಕಡೆ ಹಿಡಿದು ಕಣ್ಣಿಟ್ಟು ನೋಡಿದರೆ ಒಳಗೆ ನೀಲಿ ಬಿಳಿ ಗೆರೆ ಕೂಡುವ ಜಾಗದಲ್ಲಿ ಅಂಕಿ ಸಿಗುತ್ತದೆ. ಉಪ್ಪು ಹೆಚ್ಚಿದಷ್ಟೂ ನೀರು ಬೆಳಕನ್ನು ಹೆಚ್ಚು ಬಾಗಿಸುತ್ತದೆ ಎಂಬ ತತ್ವ. ಆದರೆ ಇದರಲ್ಲೂ ಒಂದು ಎಡವಟ್ಟಿದೆ. ಪೇಟೆಯಲ್ಲಿ ಸಿಗುವ ಅನೇಕ ಸಾಧನಗಳು ಬರೀ ಅಡಿಗೆ ಉಪ್ಪಿನ ನೀರಿಗೆ ಗೆರೆ ಹಾಕಿದವು. ಸಮುದ್ರದ ಉಪ್ಪಿಗೆ ಅವು ಸುಮಾರು ಒಂದೂವರೆ ಭಾಗ ತಪ್ಪು ತೋರಿಸುತ್ತವೆ. ಶುದ್ಧ ನೀರು ಹಾಕಿ ಸೊನ್ನೆಗೆ ತಿರುಗಿಸಿಟ್ಟರೆ ಸಾಲದು, ನಮಗೆ ಬೇಕಾದ 35ರ ಹತ್ತಿರ ತಾಳೆ ನೋಡಬೇಕು.

ತಾಳೆ ನೋಡುವ ದ್ರಾವಣ ಬಾಟಲಿಯಲ್ಲಿ ಸಿಗುತ್ತದೆ. ಮನೆಯಲ್ಲೂ ಮಾಡಬಹುದು, ಅದೂ ಬಂಗಾರದ ಅಂಗಡಿ ಇರುವ ನಮ್ಮ ಮನೆಗಳವರಿಗೆ ಬಹಳ ಸುಲಭ. ಚೆನ್ನಾಗಿ ಒಣಗಿದ ಪುಡಿ ಉಪ್ಪು 36.5 ಗ್ರಾಂ, ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ವಾಟರ್ 963.5 ಗ್ರಾಂ, ಎರಡನ್ನೂ ತಕ್ಕಡಿಯಲ್ಲಿ ತೂಗಿ ಕರಗಿಸಿದರೆ ಅದು ಬೆಳಕನ್ನು ಬಾಗಿಸುವುದರಲ್ಲಿ 35ರ ಸಮುದ್ರದ ನೀರಿಗೆ ಸಮ. ಅದನ್ನು ಹನಿಸಿ ಸಾಧನದ ತಿರುಪನ್ನು 35ಕ್ಕೆ ತಿರುಗಿಸಿದರಾಯಿತು. ಇದು ರಿಫ್ರ್ಯಾಕ್ಟೋಮೀಟರಿಗೆ ಮಾತ್ರ. ಹೈಡ್ರೋಮೀಟರಿಗೋ ವಿದ್ಯುತ್ ಹರಿಸಿ ಅಳೆಯುವ ಮೀಟರಿಗೋ ಈ ತೂಕ ನಡೆಯುವುದಿಲ್ಲ. ತೂಕ ಕಟ್ಟುವ ಇಲಾಖೆಯವರು ವರ್ಷಕ್ಕೊಮ್ಮೆ ಬಂದು ನಮ್ಮ ತಕ್ಕಡಿಗೆ ಮುದ್ರೆ ಒತ್ತಿ ಹೋಗುತ್ತಾರಲ್ಲ, ಈ ಸಾಧನಕ್ಕೆ ತಿಂಗಳಿಗೊಮ್ಮೆಯಾದರೂ ನಾವೇ ಮುದ್ರೆ ಒತ್ತಬೇಕು.

ನೀರಿನ ಮಾತು. ನಮ್ಮ ಭಾಗದ ಬೋರಿನ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದು, ಗೀಸರ್ ಸುಣ್ಣ ತುಂಬಿ ಕೆಡುವುದು ಎಲ್ಲರ ಮನೆಯ ಕಥೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಅದಕ್ಕಿಂತ ಮೇಲು, ಆದರೆ ನಲ್ಲಿಗೆ ಬರುವಾಗ ಕ್ಲೋರಿನ್ ಬೆರೆತಿರುತ್ತದೆ. ಆವಿಯಾದದ್ದಕ್ಕೆ ದಿನವೂ ಇಂಥ ನೀರು ತುಂಬಿದರೆ ಆ ನೀರಿನ ಲವಣಗಳೂ ದಿನದಿನಕ್ಕೆ ಜಮಾ ಆಗುತ್ತಾ ಹೋಗುತ್ತವೆ. ಆದ್ದರಿಂದ ಆರ್.ಓ. ನೀರೇ ಬೇಕು. ಮನೆಯಲ್ಲಿ ಕುಡಿಯಲು ಇಟ್ಟ ಆರ್.ಓ. ಯಂತ್ರ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಆ ಯಂತ್ರಗಳಲ್ಲಿ ರುಚಿಗೋಸ್ಕರ ಸ್ವಲ್ಪ ಹಳೆ ನೀರನ್ನೇ ಮರಳಿ ಬೆರೆಸುವ ತಿರುಪು ಇರುತ್ತದೆ, ಇಲ್ಲವೇ ಖನಿಜ ಸೇರಿಸುವ ಡಬ್ಬಿ ಇರುತ್ತದೆ. ಹತ್ತಿರದ ಸಣ್ಣ ಟಿ.ಡಿ.ಎಸ್. ಮೀಟರ್ ಅದ್ದಿ ನೋಡಿದರೆ 50, 80 ಎಂದು ತೋರಿಸುತ್ತದೆ. ತೊಟ್ಟಿಗೆ ಬೇಕಾದದ್ದು ಸೊನ್ನೆ, ಅಥವಾ ಸೊನ್ನೆಯ ಹತ್ತಿರ. ಖನಿಜ ಸೇರುವ ಮೊದಲೇ ಒಂದು ಕೊಳವೆ ತೆಗೆದು, ಅದಕ್ಕೆ ರೆಸಿನ್ ತುಂಬಿದ ಡಬ್ಬಿ ಜೋಡಿಸಿಕೊಂಡರೆ ಸಿಗುತ್ತದೆ. ಆರ್.ಓ.ದಿಂದ ಹೊರಗೆ ಹೋಗುವ ನೀರನ್ನು ವ್ಯರ್ಥ ಮಾಡಬೇಡಿ. ನೆಲ ಒರೆಸಲು, ಬಟ್ಟೆ ನೆನೆಹಾಕಲು ಆಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರು ನಮ್ಮದು.

ಹೊಸ ಉಪ್ಪುನೀರು ತಯಾರಿಸುವುದಕ್ಕೆ ಬೇರೆ ಬಕೆಟ್ ಇರಲಿ. ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಸುಣ್ಣದಂಶ ಬೆಳ್ಳಗೆ ತಳದಲ್ಲಿ ಗಟ್ಟಿಯಾಗಿ ಮತ್ತೆ ಕರಗುವುದಿಲ್ಲ. ಸಣ್ಣ ಪಂಪು ಇಟ್ಟು ರಾತ್ರಿಯಿಡೀ ತಿರುಗಿಸಿ, ತಿಳಿಯಾದ ಮೇಲೆ ಅಳೆದು, ತೊಟ್ಟಿಯ ಶಾಖಕ್ಕೆ ಸಮ ಮಾಡಿ ಹಾಕಬೇಕು. ಜೀವಗಳಿರುವ ತೊಟ್ಟಿಗೆ ನೇರವಾಗಿ ಉಪ್ಪಿನ ಪುಡಿ ಸುರಿಯುವುದು ಕಣ್ಣಿಗೆ ಖಾರದ ಪುಡಿ ಎರಚಿದ ಹಾಗೆ. ಇನ್ನು ಚೀಲದ ಮೇಲೆ ಬರೆದ ಗ್ರಾಂ ಲೆಕ್ಕವನ್ನು ನೆಚ್ಚಿಕೊಳ್ಳಬೇಡಿ. ಇದರಲ್ಲಿ ಮೆಗ್ನೀಷಿಯಂ ಇರುವುದರಿಂದ ಅಡಿಗೆ ಉಪ್ಪಿಗಿಂತ ಬೇಗ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಬಾಯಿ ಕಟ್ಟದೆ ಬಿಟ್ಟ ಚೀಲದಲ್ಲಿ ತೂಕ ಹೆಚ್ಚಿರುತ್ತದೆ, ಉಪ್ಪು ಹೆಚ್ಚಿರುವುದಿಲ್ಲ. ಬೆಲ್ಲ, ಹತ್ತಿ ವ್ಯಾಪಾರ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಉಪ್ಪು ಕಡಿಮೆಯಾಗುವ ದಾರಿಗಳೂ ಇವೆ. ನೊರೆ ಎತ್ತಿ ಕೊಳೆ ತೆಗೆಯುವ ಸ್ಕಿಮ್ಮರ್ ಡಬ್ಬಿಯಿಂದ ದಿನವೂ ಚೆಲ್ಲುವುದು ಉಪ್ಪುನೀರೇ. ತೊಟ್ಟಿಯ ಅಂಚಿನಲ್ಲಿ, ವಯರಿನ ಮೇಲೆ ಬೆಳ್ಳಗೆ ಹಬ್ಬಿ ಕೂರುವುದೂ ಒಳಗಿನ ಉಪ್ಪೇ. ಒರೆಸಿ ತೆಗೆದಷ್ಟು ಬಂಡವಾಳ ಕಡಿಮೆ. ಹೀಗಾಗಿ ಸಿಹಿನೀರು ಮಾತ್ರ ಹಾಕುತ್ತಾ ಬಂದ ತೊಟ್ಟಿಯೂ ಎರಡು ಮೂರು ತಿಂಗಳಿಗೆ 33, 32ಕ್ಕೆ ಇಳಿದಿರುತ್ತದೆ. ವಾರಕ್ಕೊಮ್ಮೆ ಅಳೆಯದೆ ಗತಿಯಿಲ್ಲ. ನಮ್ಮ ಮನೆಯ ತೊಟ್ಟಿಗೆ ಒಂದು ಹಳೆಯ ರೋಜುಮೇಲು ಪುಸ್ತಕ ಇಟ್ಟಿದ್ದೇವೆ. ತಾರೀಖು, ಶಾಖ, ಉಪ್ಪು, ಹಾಕಿದ ಸಿಹಿನೀರು, ತೆಗೆದ ಉಪ್ಪುನೀರು, ಇಷ್ಟೇ ಕಾಲಂ. ಒಂದು ದಿನದ ಅಂಕಿ ಏನೂ ಹೇಳುವುದಿಲ್ಲ, ಎರಡು ತಿಂಗಳ ಅಂಕಿ ಎಲ್ಲ ಹೇಳುತ್ತದೆ.

ತಪ್ಪಿದ್ದನ್ನು ಸರಿಪಡಿಸುವಾಗ ಅವಸರ ಕೂಡದು. 38.5 ಇದ್ದ ನಮ್ಮ ಮೇಲಿನ ಲೆಕ್ಕದ ತೊಟ್ಟಿಗೆ ಒಂದೇ ಸಲ 9 ಲೀಟರ್ ಉಪ್ಪುನೀರು ತೆಗೆದು ಸಿಹಿನೀರು ಹಾಕಿದರೆ ಅಂಕಿ 35ಕ್ಕೆ ಬರುತ್ತದೆ, ಜೀವಿಗಳು ಹೋಗುತ್ತವೆ. ದಿನಕ್ಕೆ ಎರಡೂವರೆ ಲೀಟರಿನಂತೆ ನಾಲ್ಕು ದಿನ ಮಾಡಿ. ದಿನಕ್ಕೆ ಒಂದು ಭಾಗಕ್ಕಿಂತ ಹೆಚ್ಚು ಬದಲಾಗದಿರುವುದು ಕ್ಷೇಮ. ಉಪ್ಪು ಕಡಿಮೆಯಾಗಿದ್ದರೆ ಕೆಲವು ದಿನ ಆವಿಯಾದದ್ದಕ್ಕೆ ಸಿಹಿನೀರಿನ ಬದಲು ಉಪ್ಪುನೀರು ತುಂಬಿದರೆ ತಾನೇ ಏರುತ್ತದೆ. ಅಂಗಡಿಯವರ ಸಲಹೆ ಈ ಒಂದು ಸಂದರ್ಭಕ್ಕೆ ಮಾತ್ರ ಸರಿ! ಹೊಸ ಜೀವಿ ತಂದಾಗಲೂ ಅದು ಬಂದ ಕವರಿನ ನೀರನ್ನು ಮೊದಲು ಅಳೆಯಿರಿ. ಉಪ್ಪಿನ ಖರ್ಚು ಉಳಿಸಲೆಂದೋ ಮೀನಿನ ಮೈಮೇಲಿನ ಹುಳ ತಡೆಯಲೆಂದೋ ಕೆಲವು ಅಂಗಡಿಗಳಲ್ಲಿ ನೀರನ್ನು ಸಪ್ಪೆಯಾಗಿಯೇ ಇಟ್ಟಿರುತ್ತಾರೆ. ತಂದ ಕೂಡಲೇ ನಮ್ಮ ನೀರಿಗೆ ಬಿಟ್ಟರೆ ಮಾವಿನಕಾಯಿ ಹೋಳಿನ ಗತಿ.

ತಾನಾಗಿ ನೀರು ತುಂಬುವ ಯಂತ್ರ ಇದೆ. ಮಾಳಿಗೆ ಟ್ಯಾಂಕಿನ ಬಾಲ್‌ಕಾಕ್‌ನ ಹಾಗೇ, ಮಟ್ಟ ಇಳಿದರೆ ಸಣ್ಣ ಪಂಪು ಓಡಿ ಸಿಹಿನೀರು ತರುತ್ತದೆ. ಬಾಲ್‌ಕಾಕ್ ಸಿಕ್ಕಿಬಿದ್ದು ಟ್ಯಾಂಕ್ ತುಂಬಿ ಹರಿಯುವುದನ್ನು ಕಂಡವರು ನಾವು. ಆದ್ದರಿಂದ ಸಿಹಿನೀರಿನ ಕ್ಯಾನ್ ಚಿಕ್ಕದಿರಲಿ. 100 ಲೀಟರ್ ತೊಟ್ಟಿಗೆ 10 ಲೀಟರ್ ಕ್ಯಾನ್ ಆದರೆ, ಯಂತ್ರ ಕೆಟ್ಟು ಪೂರ್ತಿ ಒಳಗೆ ಬಂದರೂ ಉಪ್ಪು 32ರ ಹತ್ತಿರ ನಿಲ್ಲುತ್ತದೆ, ತೊಂದರೆಯಾದರೂ ಸರ್ವನಾಶವಿಲ್ಲ. ಐವತ್ತು ಲೀಟರ್ ಡ್ರಮ್ಮಿಗೆ ಜೋಡಿಸಿದರೆ ಬೆಳಗಾಗುವಷ್ಟರಲ್ಲಿ ಸಮುದ್ರ ಹೋಗಿ ಹೊಳೆ ಆಗಿರುತ್ತದೆ.

ಈಗ ಮೊದಲು ಬಿಟ್ಟ ಮಾತು. ಕಾನೂನು ಹೇಳುವುದನ್ನು ಮೊದಲು ತಿಳಿದುಕೊಳ್ಳಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಸಮುದ್ರದ ಬೀಸಣಿಗೆ, ಸಮುದ್ರ ಕುದುರೆ ಇವೆಲ್ಲ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿವೆ, ಹುಲಿ ಆನೆಗಳ ಸಾಲಿನಲ್ಲಿ. ನಮ್ಮ ಸಮುದ್ರದಿಂದ ಕಿತ್ತು ತಂದದ್ದನ್ನು ಕೊಂಡರೆ, ಮನೆಯಲ್ಲಿಟ್ಟರೆ, ಜೈಲು. ವಿದೇಶದಿಂದ ಬಂದದ್ದು ಎಂದು ಹೇಳಿ ಮಾರಿದರೂ ಗಟ್ಟಿ ಹವಳಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕಾಗದ ಬೇಕು, ಮತ್ತು 2022ರ ತಿದ್ದುಪಡಿಯ ಪ್ರಕಾರ ಅಂಥ ಜೀವಿಗಳನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಾಯಿಸಬೇಕು. ಬಿಲ್ಲಿಲ್ಲದೆ ಮಾಲು ಕೊಳ್ಳದ ನಾವು ಇದನ್ನೂ ಬಿಲ್ಲಿಲ್ಲದೆ ಕೊಳ್ಳುವುದು ಬೇಡ. ನವರತ್ನದ ಉಂಗುರಕ್ಕೆ ಕೂರಿಸುವ ಕೆಂಪು ಹವಳ ಬೇರೆ ಜಾತಿಯದು, ಅದು ಹೆಚ್ಚಾಗಿ ಇಟಲಿಯ ಕಡೆಯ ಮೆಡಿಟರೇನಿಯನ್ ಸಮುದ್ರದ್ದು. ಅದನ್ನು ಮಾರುವ ನಮ್ಮವರು ಇದನ್ನೂ ಅದನ್ನೂ ಒಂದೇ ಎಂದು ತಿಳಿಯಬಾರದು.

ಸಮುದ್ರದಲ್ಲೇ ಹವಳಕ್ಕೆ ಈಗ ಒಳ್ಳೆಯ ಕಾಲವಿಲ್ಲ. ನೀರು ಬಿಸಿಯಾಗಿ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು. ಮುರ್ಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ, ಹುಡುಗರು ಮುಳುಗಿ ನೋಡಿ ಬರುತ್ತಾರೆ. ನೋಡುವ ಆಸೆಯಿದ್ದರೆ ಅಲ್ಲಿಗೆ ಹೋಗಿ ಬರುವುದು ಮೇಲು ಎಂದೇ ನನ್ನ ಅಭಿಪ್ರಾಯ.

ಮೀನಿನ ವಿಷಯವೂ ಹಾಗೇ. ಸಿಹಿನೀರಿನ ಅಕ್ವೇರಿಯಂ ಮೀನುಗಳು ಬಹುತೇಕ ಸಾಕಣೆಯಲ್ಲೇ ಹುಟ್ಟಿದವು, ಸಮುದ್ರದ ಮೀನುಗಳು ಬಹುತೇಕ ಹಿಡಿದು ತಂದವು. ಕಿತ್ತಳೆ ಪಟ್ಟೆಯ ಕ್ಲೌನ್ ಮೀನು ಅದಕ್ಕೆ ಹೊರತು. ನಮ್ಮ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ಕ್ರಮ ಕಂಡುಹಿಡಿದಿದ್ದಾರೆ. ಆಹಾರವೆಂದು ಕಾಳಿನಂತೆ ಸಿಗುವ ಡಬ್ಬಿಗಳಲ್ಲಿ ಮೀನಿನ ಪುಡಿ ಇರುತ್ತದೆ, ಕೆಲವರು ಜೀವಂತ ಸೀಗಡಿ ಮರಿಯನ್ನೇ ಹಾಕುತ್ತಾರೆ. ಇದು ಗೊತ್ತಾದ ದಿನ ನಮ್ಮ ಅವ್ವ ಎರಡು ಹೊತ್ತು ಊಟ ಬಿಟ್ಟರು. ಈಗ ನಮ್ಮ ತೊಟ್ಟಿಯಲ್ಲಿ ಹೊಸ ಜೀವಿ ತರುವುದಿಲ್ಲ ಎಂದು ಹುಡುಗ ಒಪ್ಪಿದ್ದಾನೆ. ಇರುವ ಎರಡು ಕ್ಲೌನ್ ಮೀನಿಗೆ ಅವನೇ ಮಾಳಿಗೆ ಮೇಲೆ ಇಟ್ಟ ಡಬ್ಬಿಯಿಂದ ಹಾಕುತ್ತಾನೆ, ಅಡಿಗೆಮನೆಗೆ ಅದು ಬರುವುದಿಲ್ಲ. ಮೆತ್ತನೆಯ ಹವಳ ಜೀವಿಗಳಿಗೆ ಇದಾವುದೂ ಬೇಕಿಲ್ಲ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಾಗಿದ್ದು, ಬೆಳಕಿನಿಂದ ಆಹಾರ ಮಾಡಿ ಮನೆಯೊಡೆಯನಿಗೂ ಕೊಡುತ್ತದೆ. ಬಾಡಿಗೆಯನ್ನು ಊಟದ ರೂಪದಲ್ಲಿ ಕೊಡುವ ಬಿಡಾರದವರು! ಅವ್ವನಿಗೆ ಇದನ್ನು ಹೇಳಿದ ಮೇಲೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಬಂದು ನೋಡಿ ಹೋಗುತ್ತಾರೆ.

ಇಷ್ಟಾದ ಮೇಲೂ ಕೊಂಡು ತರಬೇಕೆನ್ನುವವರಿಗೆ ನಾನು ಹೇಳುವುದು ಬೇಡವೆಂದೇ. ಈಗಾಗಲೇ ತಂದಿಟ್ಟವರು ಮಾತ್ರ ಬೇಸರವಾಯಿತೆಂದು ಕೈಬಿಡುವಂತಿಲ್ಲ. ಅವನ್ನು ತುಂಗಭದ್ರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತೇನೆಂದರೆ ನೀರು ಮುಟ್ಟಿದ ಗಳಿಗೆಯಲ್ಲೇ ಅವುಗಳ ಸಾವು. ಸಮುದ್ರಕ್ಕೆ ಒಯ್ದು ಬಿಡುವುದೂ ತಪ್ಪು, ಬೇರೆ ದೇಶದ ಜೀವಿಯೂ ರೋಗವೂ ಜೊತೆಗೆ ಹೋಗುತ್ತವೆ. ತಿಳಿದವರ ತೊಟ್ಟಿಗೆ ಒಪ್ಪಿಸಬಹುದು. ತೆಗೆದ ಉಪ್ಪುನೀರನ್ನು ಗಿಡಕ್ಕೆ, ತೆಂಗಿನ ಬುಡಕ್ಕೆ ಸುರಿಯಬೇಡಿ, ಬಚ್ಚಲಿಗೆ ಬಿಡಿ.

ಪರ್ವದ ದಿನಗಳಲ್ಲಿ, ಶ್ರವಣಬೆಳಗೊಳಕ್ಕೋ ಶಿಖರ್ಜಿಗೋ ಮನೆಮಂದಿಯೆಲ್ಲ ಹೊರಟಾಗ ಏನು ಮಾಡುವುದೆಂದು ಬಳ್ಳಾರಿಯಿಂದ ಒಬ್ಬ ತಾಯಿ ಕೇಳಿದ್ದಾರೆ. ತೊಟ್ಟಿಯ ಗಾಜಿಗೆ ನೀರಿನ ಮಟ್ಟದಲ್ಲಿ ಬಣ್ಣದ ಪಟ್ಟಿ ಅಂಟಿಸಿ. ಎಷ್ಟು ದಿನ ಹೋಗುತ್ತೀರೋ ಅಷ್ಟು ಬಾಟಲಿ ಆರ್.ಓ. ನೀರು ತುಂಬಿ, ಒಂದೊಂದರ ಮೇಲೂ ವಾರದ ಹೆಸರು ಬರೆದು ಸಾಲಾಗಿ ಇಡಿ. ಅಂಗಡಿಯ ಹುಡುಗನಿಗೆ ಹೇಳಬೇಕಾದದ್ದು ಇಷ್ಟೇ: ದಿನಕ್ಕೆ ಆ ದಿನದ ಬಾಟಲಿ, ಪಟ್ಟಿ ಮುಟ್ಟಿದರೆ ನಿಲ್ಲಿಸು, ಉಳಿದದ್ದನ್ನು ಹಾಗೇ ಬಿಡು. ಉಪ್ಪಿನ ಚೀಲವನ್ನೂ ಉಪ್ಪುನೀರಿನ ಬಕೆಟನ್ನೂ ಕೋಣೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ನಿಮ್ಮ ಜೊತೆ ಒಯ್ಯಿರಿ.